ಬಚ್ಚಿಟ್ಟದ್ದು, ಕಾಪಿಟ್ಟದ್ದು

ಒಲೆಯ ಪಕ್ಕದ ಕಪಾಟಿನಲ್ಲಿ, ಎಲ್ಲಕ್ಕಿಂತ ಮೇಲಿನ ಖಾನೆಯಲ್ಲಿ, ತೊಗರಿಬೇಳೆ ಡಬ್ಬಿಯ ಹಿಂದೆ ಅದನ್ನು ಇಟ್ಟಿದ್ದೆ. ಬಿಳಿ ಪ್ಲಾಸ್ಟಿಕ್ ಡಬ್ಬಿ, ಒತ್ತಿ ತಿರುಗಿಸಿದರೆ ಮಾತ್ರ ತೆರೆಯುವ ಮುಚ್ಚಳ, ಮೈಮೇಲೆ ಕೆಂಪು ಬಣ್ಣದ ಎಚ್ಚರಿಕೆಯ ಗುರುತು. ಒಳಗೆ ಹತ್ತು ಗ್ರಾಂ ಗಾಂಜಾ ಹೂ. ಕದ್ದು ತಂದದ್ದಲ್ಲ. ಇವರಿಗೆ, ನನ್ನ ಗಂಡನಿಗೆ, ಡಾಕ್ಟರು ಬರೆದುಕೊಟ್ಟದ್ದು, ಸರ್ಕಾರದ ಪರವಾನಗಿ ಇರುವ ಕಂಪನಿಯಿಂದ ಕೊರಿಯರ್‌ನಲ್ಲಿ ರಸೀದಿ ಸಮೇತ ಬಂದದ್ದು. ಆದರೂ ಅದರ ಜಾಗ ಬೇಳೆ ಡಬ್ಬಿಯ ಹಿಂದೆ.

ನಾವಿರುವುದು ಕೆನಡಾದ ಒಂಟಾರಿಯೊ ಪ್ರಾಂತ್ಯದ ಕಿಚನರ್‌ನಲ್ಲಿ. ನನ್ನ ತವರು ಶಿರಸಿ ಹತ್ತಿರದ ಒಂದು ಅಡಿಕೆ ತೋಟದ ಮನೆ. ಇವರಿಗೆ ಮಲ್ಟಿಪಲ್ ಸ್ಕ್ಲೆರೋಸಿಸ್, ಅಂದರೆ ಮೈಯ ರೋಗನಿರೋಧಕ ಶಕ್ತಿಯೇ ನರಗಳನ್ನು ಕೆಡಿಸುವ ಕಾಯಿಲೆ, ಎಂದು ಗೊತ್ತಾದದ್ದು 2017ರಲ್ಲಿ. ಜಗತ್ತಿನಲ್ಲಿ ಈ ಕಾಯಿಲೆ ತೀರಾ ಹೆಚ್ಚು ಕಾಣುವ ದೇಶಗಳಲ್ಲಿ ಕೆನಡಾವೂ ಒಂದು ಎಂಬುದು ನಮಗೆ ಆಮೇಲೆ ತಿಳಿಯಿತು. ಹಗಲೆಲ್ಲ ಹೇಗೋ ಕಳೆಯುತ್ತದೆ. ರಾತ್ರಿ ಮಲಗಿದ ಮೇಲೆ ಕಾಲಿನ ಸ್ನಾಯುಗಳು ಹಗ್ಗ ಹುರಿ ಮಾಡಿದ ಹಾಗೆ ಬಿಗಿದುಕೊಳ್ಳುತ್ತವೆ. ಮಾತ್ರೆಗಳನ್ನು ಬದಲಾಯಿಸಿ ಬದಲಾಯಿಸಿ ನೋಡಿದ ಮೇಲೆ, 2019ರಲ್ಲಿ ಡಾಕ್ಟರು ಇದನ್ನೂ ಪ್ರಯತ್ನಿಸೋಣ ಎಂದರು. ವೇಪೊರೈಸರ್ ಎಂಬ ಒಂದು ಚಿಕ್ಕ ಯಂತ್ರದಲ್ಲಿ ಹೂವನ್ನು ಸುಡದೆ ಬಿಸಿ ಮಾಡಿ, ಮಲಗುವ ಮುಂಚೆ ಎರಡು ಮೂರು ಬಾರಿ ಎಳೆದುಕೊಳ್ಳುವುದು. ಇವರಿಗೆ ಅದರಿಂದ ಬಿಗಿತ ಸಡಿಲವಾಯಿತು, ನಿದ್ದೆ ಬಂತು. ಈ ಕಾಯಿಲೆ ಇರುವ ಎಲ್ಲರಿಗೂ ಹೀಗೇ ಆಗುತ್ತದೆ ಎಂದು ನಾನು ಹೇಳುವುದಿಲ್ಲ. ನಮ್ಮ ಮನೆಯಲ್ಲಿ ಆದದ್ದು ಇದು.

ಇಲ್ಲಿ ಒಂದು ಮಾತನ್ನು ಬಿಡಿಸಿ ಹೇಳಬೇಕು. ಕೆನಡಾದಲ್ಲಿ ರೋಗಿಗಳಿಗೆ 2001ರಿಂದಲೇ ಗಾಂಜಾಕ್ಕೆ ಅನುಮತಿ ಇದೆ. 2018ರ ಅಕ್ಟೋಬರ್ 17ರಿಂದ ಎಲ್ಲ ವಯಸ್ಕರಿಗೂ ಕಾನೂನಿನ ಒಪ್ಪಿಗೆ ಸಿಕ್ಕಿತು. ಒಂಟಾರಿಯೊದಲ್ಲಿ 19 ತುಂಬಿರಬೇಕು, ಅಷ್ಟೇ. ಹೊರಗೆ ಓಡಾಡುವಾಗ 30 ಗ್ರಾಂ ಒಣ ಹೂ ಜೊತೆಯಲ್ಲಿ ಇರಬಹುದು, ಮನೆಯೊಂದಕ್ಕೆ ನಾಲ್ಕು ಗಿಡ ಬೆಳೆಸಬಹುದು. ಭಾರತದ ಕಾನೂನು ಹಾಗಲ್ಲ. 1985ರ ಮಾದಕ ವಸ್ತು ಕಾಯ್ದೆಯಲ್ಲಿ ಗಾಂಜಾ ಎಂದರೆ ಗಿಡದ ಹೂಬಿಟ್ಟ ತುದಿ ಎಂದೇ ಬರೆದಿದೆ. ನಾನು ಇಲ್ಲಿ ಕಾಪಾಡುವ ಹೂ ಅಲ್ಲಿ ಅಪರಾಧ. ಡಾಕ್ಟರ ಚೀಟಿ ಇದ್ದರೂ ಕೆನಡಾದ ಗಡಿ ದಾಟಿಸಿ ಕೊಂಡೊಯ್ಯುವಂತಿಲ್ಲ. ಆದ್ದರಿಂದ ನಾನು ಹೇಳುತ್ತಿರುವುದೆಲ್ಲ ಕಿಚನರ್‌ನ ನಮ್ಮ ಮನೆಯ ಕಥೆ, ಶಿರಸಿಯಲ್ಲಿ ಮಾಡಿ ನೋಡಲಿಕ್ಕೆ ಅಲ್ಲ.

ಕಾನೂನು ಒಪ್ಪಿದರೂ ನನ್ನ ಮನಸ್ಸು ಒಪ್ಪಲಿಲ್ಲ. ಗಾಂಜಾ ಎನ್ನುವ ಶಬ್ದವನ್ನು ನಮ್ಮ ಮನೆಯಲ್ಲಿ ಯಾರೂ ಸಹಜವಾಗಿ ಆಡಿದವರಲ್ಲ. ಊರಿನಲ್ಲಿ ಯಾರಾದರೂ ಹಾಳಾದರೆ ಅವರ ಹೆಸರಿನ ಹಿಂದೆ ಪಿಸುಮಾತಿನಲ್ಲಿ ಸೇರಿಸುತ್ತಿದ್ದ ಶಬ್ದ ಅದು. ಶನಿವಾರ ಮನೆಗೆ ಸ್ನೇಹಿತರು ಊಟಕ್ಕೆ ಬಂದರೆ ನನಗೆ ಬೇಳೆ ಡಬ್ಬಿಯ ಕಡೆಗೇ ಕಣ್ಣು. ಹಾಗಾಗಿ ಆ ಮೊದಲ ವರ್ಷ ನಾನು ಹೂವನ್ನು ಇಟ್ಟ ಪ್ರತಿ ಜಾಗವನ್ನೂ ಆರಿಸಿದ್ದು ಒಂದೇ ಲೆಕ್ಕದಲ್ಲಿ: ಯಾರ ಕಣ್ಣಿಗೂ ಬೀಳಬಾರದು. ಹೂವಿಗೆ ಅಲ್ಲಿ ಹೇಗಿರುತ್ತದೆ ಎಂದು ಯೋಚಿಸಲೇ ಇಲ್ಲ.

ಒಲೆಯ ಪಕ್ಕದ ಕಪಾಟು ದಿನಕ್ಕೆರಡು ಸಲ ಬೆಚ್ಚಗಾಗುತ್ತದೆ. ಕುಕ್ಕರಿನ ಹಬೆ, ಒಗ್ಗರಣೆಯ ಕಾವು ಎಲ್ಲ ಮೇಲಕ್ಕೇ ಏರುವುದು. ಜೊತೆಗೆ ಅದು ಜನವರಿ. ಇಲ್ಲಿ ಚಳಿಗಾಲದಲ್ಲಿ ಹೀಟರ್ ಹಗಲು ರಾತ್ರಿ ಓಡಿ, ಮನೆಯೊಳಗಿನ ಗಾಳಿ ಎಷ್ಟು ಒಣಗುತ್ತದೆಂದರೆ ಬಾಗಿಲ ಹಿಡಿ ಮುಟ್ಟಿದರೆ ಚುರ್ ಎಂದು ಕಿಡಿ ಹಾರುತ್ತದೆ. ಮೂರು ವಾರಕ್ಕೆ ಡಬ್ಬಿ ತೆರೆದು ಒಂದು ಮೊಗ್ಗನ್ನು ಎತ್ತಿದರೆ ಅದು ಬೆರಳಿನಲ್ಲೇ ಹುಡಿಯಾಯಿತು. ಹಳೆಯ ದರ್ಬೆಯ ಕಟ್ಟು ಬಿಚ್ಚಿದಾಗ ಬರುತ್ತದಲ್ಲ, ಅಂಥ ಹುಲ್ಲಿನ ವಾಸನೆ. ಅದನ್ನೇ ಯಂತ್ರಕ್ಕೆ ಹಾಕಿ ಕೊಟ್ಟೆ. ಇವರು ಒಂದೇ ಸಲಕ್ಕೆ ಕೆಮ್ಮಿ ಕೆಮ್ಮಿ ಕಣ್ಣಲ್ಲಿ ನೀರು ತುಂಬಿಕೊಂಡು, "ಇದು ಮೊನ್ನೆಯದರ ಹಾಗಿಲ್ಲ" ಎಂದರು. ಆ ರಾತ್ರಿ ಎರಡು ಗಂಟೆಯವರೆಗೆ ನಾನು ಅವರ ಮೀನಖಂಡ ತಿಕ್ಕುತ್ತಾ ಕುಳಿತಿದ್ದೆ.

ಸರಿ, ಒಣಗಿದರೆ ತಾನೇ ತೊಂದರೆ ಎಂದು ಮುಂದಿನ ಡಬ್ಬಿಯನ್ನು ಬಚ್ಚಲಮನೆಯ ಕನ್ನಡಿ ಕಪಾಟಿಗೆ ಸಾಗಿಸಿದೆ. ಅಲ್ಲಿ ಅತಿಥಿಗಳು ಕೈ ಹಾಕುವುದಿಲ್ಲ ಎಂಬ ಧೈರ್ಯ. ಪರಿಚಯದವರೊಬ್ಬರು ಕಿತ್ತಳೆ ಸಿಪ್ಪೆ ಒಂದು ಚೂರು ಹಾಕಿಡಿ, ಮೆತ್ತಗಿರುತ್ತದೆ ಎಂದಿದ್ದರು. ಹಾಕಿದೆ. ಐದನೆಯ ದಿನ ಮುಚ್ಚಳ ತೆಗೆದರೆ ಮುಗ್ಗಲು ವಾಸನೆ. ಕಿಟಕಿಯ ಬೆಳಕಿಗೆ ಹಿಡಿದು ನೋಡಿದೆ. ಮೊಗ್ಗಿನ ಸಂದಿಯಲ್ಲಿ, ದಂಟಿಗೆ ತಾಗಿದಲ್ಲಿ, ಹತ್ತಿಯ ಎಳೆಯಂಥ ಬೂದು ಬಿಳಿ. ಹೂವಿನ ಮೇಲಿನ ರಾಳದ ಹರಳುಗಳೂ ಬಿಳಿಯೇ, ಆದರೆ ಅವು ಸಕ್ಕರೆಯ ಹುಡಿಯ ಹಾಗೆ ಬಿಡಿಬಿಡಿಯಾಗಿ ಮಿನುಗುತ್ತವೆ. ಇದು ಮಿನುಗುತ್ತಿರಲಿಲ್ಲ, ಎಳೆ ಎಳೆಯಾಗಿ ಹೆಣೆದುಕೊಂಡಿತ್ತು. ಅಡಿಕೆ ಮನೆಯಲ್ಲಿ ಹುಟ್ಟಿದವಳಿಗೆ ಬೂಸ್ಟು ಯಾವುದೆಂದು ಯಾರೂ ಹೇಳಿಕೊಡಬೇಕಿಲ್ಲ.

ಹೊಟ್ಟೆಯಲ್ಲಿ ನಡುಕ ಹುಟ್ಟಿದ್ದು ಆಗ. ಇವರು ತೆಗೆದುಕೊಳ್ಳುವ ಔಷಧಿ ಈ ಕಾಯಿಲೆಯನ್ನು ತಡೆಯಲಿಕ್ಕೆಂದು ಮೈಯ ರೋಗನಿರೋಧಕ ಶಕ್ತಿಯನ್ನೇ ತಗ್ಗಿಸುವಂಥದ್ದು. ಅಂಥವರು ಬೂಸ್ಟನ್ನು ಉಸಿರಾಡಿದರೆ ಅದು ಪುಪ್ಪುಸದಲ್ಲಿ ಬೇರೂರಬಹುದು. ಆಸ್ಪರ್‌ಜಿಲಸ್ ಎಂಬ ಶಿಲೀಂಧ್ರ ಅದಕ್ಕೇ ಹೆಸರಾದದ್ದು. ಬಿಸಿ ಮಾಡಿದರೆ ಸಾಯುತ್ತದೆ ಎಂದು ನಂಬಿ ಕೂರುವ ಹಾಗಿಲ್ಲ, ಬೂಸ್ಟು ಬಂದ ಭಾಗ ಕತ್ತರಿಸಿ ಉಳಿದದ್ದನ್ನು ಬಳಸುವ ಹಾಗೂ ಇಲ್ಲ. ಅಷ್ಟೂ ಹೂವನ್ನು ಬೆಕ್ಕಿನ ಮರಳಿನ ಜೊತೆ ಕಲಸಿ ಕಸಕ್ಕೆ ಹಾಕಿದೆ. ಇವರು ಏನೂ ಅನ್ನಲಿಲ್ಲ. ಅನ್ನದೇ ಇದ್ದದ್ದೇ ನನ್ನನ್ನು ಹೆಚ್ಚು ಸುಟ್ಟಿತು.

ಆ ದಿನ ರಾತ್ರಿ ಒಂಬತ್ತೂವರೆಗೆ ಊರಿಗೆ ಫೋನ್ ಮಾಡಿದೆ. ಅಲ್ಲಿ ಬೆಳಗಿನ ಹೊತ್ತು. ಆಯಿ, ನನ್ನ ಅಮ್ಮ, ಬೆಳಗಿನ ಚಾ ತಿಂಡಿ ಮುಗಿಸಿ ಕೂತಿದ್ದಳು. ಬೇರೆ ಏನೇನೋ ಮಾತಾಡಿ, ಕೊನೆಗೆ ತಡೆಯಲಾರದೆ ಎಲ್ಲವನ್ನೂ ಹೇಳಿಬಿಟ್ಟೆ. ಹೂವಿನ ಹೆಸರನ್ನೂ ಹೇಳಿದೆ. ಆ ಕಡೆ ಸ್ವಲ್ಪ ಹೊತ್ತು ಸದ್ದಿಲ್ಲ. ಆಮೇಲೆ ಆಯಿ ಕೇಳಿದ್ದು ಒಂದೇ ಪ್ರಶ್ನೆ.

"ಇಷ್ಟ್ ದಿನ ಎಂತಕ್ಕೆ ಹೇಳಿದ್ದಿಲ್ಲೆ ಕೂಸೇ?"

ನನಗೆ ಉತ್ತರ ಹೊರಡಲಿಲ್ಲ. ಅವಳೇ ಮುಂದುವರಿಸಿದಳು: "ಬೂಸ್ಟು ಬಂದಿದ್ದು ಅಳಿಯಂಗೆ ಕೊಡಡ. ಎಲ್ಲಿ ಇಟ್ಟಿದ್ದೆ ಅದನ್ನ?"

ಹೇಳಿದೆ. ಒಲೆ ಪಕ್ಕ, ಬಚ್ಚಲಮನೆ, ಒಂದು ಸಲ ನೆಲಮಾಳಿಗೆಯಲ್ಲಿ ಬಟ್ಟೆ ಒಗೆಯುವ ಯಂತ್ರದ ಹಿಂದೆ. ಆಯಿ ಬೈಯಲಿಲ್ಲ. "ಅದು ಬಚ್ಚಿಟ್ಟಿದ್ದಾತು. ಕಾಪಿಟ್ಟಿದ್ದಲ್ಲ" ಎಂದಳು. ಅವಳ ಮಟ್ಟಿಗೆ ಅದು ಸುಮ್ಮನೆ ಆಡಿದ ಮಾತು. ನನಗೆ ಎದೆಗೆ ನಾಟಿತು. ಒಂದು ವಸ್ತುವನ್ನು ಬಚ್ಚಿಡುವವರು ಜನರ ಕಣ್ಣನ್ನು ನೋಡುತ್ತಾರೆ. ನಾನು ಒಂದು ವರ್ಷ ಮಾಡಿದ್ದು ಬರೀ ಅದನ್ನೇ, ನನ್ನ ಗಂಡನ ಔಷಧಿಯ ವಿಷಯದಲ್ಲಿ.

ಕಾಪಿಡುವುದು ನನಗೆ ಗೊತ್ತಿಲ್ಲದ ವಿದ್ಯೆಯೇ? ನಾನು ಹುಟ್ಟಿ ಬೆಳೆದ ಮನೆಯ ಅರ್ಧ ಕೆಲಸವೇ ಅದು. ಸಿಪ್ಪೆ ಸಮೇತ ಒಣಗಿಸುವ ಚಾಲಿ ಅಡಿಕೆಗೆ ನಲವತ್ತು ದಿನದ ಬಿಸಿಲು ಬೇಕು. ಅಪ್ಪಯ್ಯ ಒಂದು ಅಡಿಕೆಯನ್ನು ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸುತ್ತಿದ್ದರು. ಒಳಗೆ ಗೋಟು ಕಟಕಟ ಅಂದರೆ ಒಣಗಿದೆ, ಸಪ್ಪಗಿದ್ದರೆ ಇನ್ನೂ ಬೇಕು. ಜೂನ್ ಮಳೆಗೆ ಮುಂಚೆ ಚೀಲ ಅಟ್ಟ ಸೇರಬೇಕು, ಕೆಳಗಿನ ಒಲೆಯ ಹೊಗೆ ಅಟ್ಟವನ್ನು ಮಳೆಗಾಲವಿಡೀ ಬೆಚ್ಚಗೆ ಇಡುತ್ತಿತ್ತು. ಏಲಕ್ಕಿಯದು ಇನ್ನೊಂದು ದಾರಿ. ಅದನ್ನು ಬಿಸಿಲಿಗೆ ಹಾಕಿದರೆ ಬಿಳಿಚಿ ಬೆಲೆ ಕಳೆದುಕೊಳ್ಳುತ್ತದೆ. ಗೂಡಿನಲ್ಲಿ ಸಣ್ಣ ಕಾವಿನಲ್ಲಿ ಒಣಗಿಸಿ, ಬೆಳಕು ತಾಗದ ಹಾಗೆ ಕಪ್ಪು ಪ್ಲಾಸ್ಟಿಕ್ ಹಾಳೆ ಕೊಟ್ಟ ಗೋಣಿಚೀಲದಲ್ಲಿ ಕಟ್ಟಿಡಬೇಕು, ಹಸಿರು ಉಳಿಯಲಿಕ್ಕೆ. ಇನ್ನು ಉಪ್ಪಿನಕಾಯಿ ಭರಣಿ. ಅದರ ಮುಂದೆ ಒದ್ದೆ ಕೈಯಲ್ಲಿ ನಿಂತದ್ದಕ್ಕೆ ನಾನು ಎಷ್ಟು ಸಲ ಬೈಸಿಕೊಂಡಿಲ್ಲ! ಇಷ್ಟೆಲ್ಲ ಗೊತ್ತಿದ್ದವಳು ಈ ಒಂದು ಹೂವಿನ ಮುಂದೆ ಏನೂ ಅರಿಯದವಳಾದೆ. ಅದರ ಹೆಸರು ಅಷ್ಟು ಅಡ್ಡ ನಿಂತಿತ್ತು.

ಮರುದಿನದಿಂದ ನಾನು ಓದಲು ಕೂತೆ. ಓದಿದಷ್ಟೂ ಅದು ಏಲಕ್ಕಿಯ, ಮೆಣಸಿನ ಮಾತೇ ಆಗಿ ಕೇಳತೊಡಗಿತು.

ಗಾಂಜಾ ಹೂವಿನ ಗುಣವೆಲ್ಲ ಇರುವುದು ಅದರ ಮೇಲಿನ ರಾಳದ ಗ್ರಂಥಿಗಳಲ್ಲಿ. ಭೂತಗನ್ನಡಿ ಹಿಡಿದರೆ ಸಣ್ಣ ಕಾಂಡ, ಮೇಲೆ ದುಂಡು ತಲೆ, ಪುಟ್ಟ ಅಣಬೆಗಳು ಸಾಲಾಗಿ ಎದ್ದು ನಿಂತ ಹಾಗೆ ಕಾಣುತ್ತವೆ. ಆ ದುಂಡು ತಲೆಯೊಳಗೆ ಟಿಎಚ್‌ಸಿಎ ಎಂಬ ಆಮ್ಲವೂ ಪರಿಮಳದ ಎಣ್ಣೆಗಳೂ ಇವೆ. ಬಿಸಿ ತಾಗಿದಾಗ ಆ ಆಮ್ಲ ಟಿಎಚ್‌ಸಿ ಆಗುತ್ತದೆ, ಮೈಮೇಲೆ ಕೆಲಸ ಮಾಡುವುದು ಅದು. ಹಾಗೇ ಬಿಟ್ಟರೆ ಬೆಳಕು ಮತ್ತು ಗಾಳಿ ಸೇರಿ ಟಿಎಚ್‌ಸಿಯನ್ನು ನಿಧಾನಕ್ಕೆ ಸಿಬಿಎನ್ ಎಂಬ ಇನ್ನೊಂದು ವಸ್ತುವಾಗಿ ಮಾಡುತ್ತವೆ. ಅದರ ಶಕ್ತಿ ಬಹಳ ಕಡಿಮೆ. 1890ರ ದಶಕದಲ್ಲಿ ಕೇಂಬ್ರಿಜ್‌ನ ರಸಾಯನಶಾಸ್ತ್ರಜ್ಞರು ಭಾರತದ ಚರಸ್ಸನ್ನು, ಅಂದರೆ ಈ ಗಿಡದ ರಾಳವನ್ನು, ಬಟ್ಟಿ ಇಳಿಸಿ ಈ ಗಿಡದ ಸಾರ ಎಂದು ಮೊಟ್ಟಮೊದಲು ಬೇರ್ಪಡಿಸಿ ಹೆಸರಿಟ್ಟದ್ದು ಈ ಸಿಬಿಎನ್ ಅನ್ನೇ, ಅಂದರೆ ಹಳಸಿದ ರೂಪವನ್ನು. ನಿಜವಾದ ಟಿಎಚ್‌ಸಿಯನ್ನು ಶುದ್ಧವಾಗಿ ಹಿಡಿದದ್ದು 1964ರಲ್ಲಿ, ಇಸ್ರೇಲಿನಲ್ಲಿ ಗಾವೊನಿ ಮತ್ತು ಮೆಶುಲಮ್ ಎಂಬ ವಿಜ್ಞಾನಿಗಳು. ಈ ಎರಡರ ನಡುವಿನ ಎಪ್ಪತ್ತು ವರ್ಷ ನನ್ನ ತಲೆಯಲ್ಲಿ ಬಹಳ ಕಾಲ ಸುಳಿದಾಡಿತು.

ಹಳಸುವುದು ಎಷ್ಟು ಬೇಗ? ಅಮೆರಿಕದ ಮಿಸಿಸಿಪಿ ವಿಶ್ವವಿದ್ಯಾಲಯದವರು ಕೋಣೆಯ ಉಷ್ಣತೆಯಲ್ಲಿ ಇಟ್ಟ ಮಾದರಿಗಳನ್ನು ನಾಲ್ಕು ವರ್ಷ ಅಳೆದು ನೋಡಿದ್ದಾರೆ. ಮೊದಲ ವರ್ಷಕ್ಕೆ ಸುಮಾರು ಶೇ 16.6ರಷ್ಟು ಟಿಎಚ್‌ಸಿ ಹೋಗಿತ್ತು, ನಾಲ್ಕು ವರ್ಷಕ್ಕೆ ಶೇ 41ರಷ್ಟು. ಲಂಡನ್ನಿನಲ್ಲಿ ಫೇರ್‌ಬೇರ್ನ್ ಮತ್ತು ಜೊತೆಯವರು 1976ರಲ್ಲಿ ಪ್ರಕಟಿಸಿದ ಅಧ್ಯಯನ ಇನ್ನೂ ನೇರವಾಗಿ ಹೇಳುತ್ತದೆ: ಎಲ್ಲಕ್ಕಿಂತ ದೊಡ್ಡ ಶತ್ರು ಬೆಳಕು. ಆಮೇಲೆ ಗಾಳಿ. ಸರಿಯಾಗಿ ಒಣಗಿಸಿದ ಹೂವನ್ನು ಕತ್ತಲಲ್ಲಿ, ಕೋಣೆಯ ಉಷ್ಣತೆಯಲ್ಲಿ ಇಟ್ಟರೆ ಒಂದೆರಡು ವರ್ಷ ಹೆಚ್ಚು ಕೆಡದೆ ಉಳಿಯುತ್ತದೆ. ಇದನ್ನು ಅಪ್ಪಯ್ಯನಿಗೆ ಓದಿ ಹೇಳಿದರೆ ಅವರಿಗೆ ಆಶ್ಚರ್ಯವೇ ಆಗಲಿಲ್ಲ. "ಏಲಕ್ಕಿಯೂ ಅದನ್ನೇ ಹೇಳ್ತಲೇ" ಎಂದರು.

ಆದರೆ ಪರಿಮಳದ ಲೆಕ್ಕ ಬೇರೆ. ಅದು ವರ್ಷಗಟ್ಟಲೆ ಕಾಯುವುದಿಲ್ಲ. ಅದೇ ಮಿಸಿಸಿಪಿಯವರ 1996ರ ಕೆಲಸವೊಂದಿದೆ. ಹಸಿ ಹೂವಿನಲ್ಲಿದ್ದ ಸುಗಂಧ ತೈಲ, ಕಾಗದದ ಚೀಲದಲ್ಲಿ ಒಣಗಿಸಿ ಇಟ್ಟಾಗ, ಒಂದು ವಾರಕ್ಕೆ ಶೇ 31, ಒಂದು ತಿಂಗಳಿಗೆ ಸುಮಾರು ಶೇ 45, ಮೂರು ತಿಂಗಳಿಗೆ ಶೇ 55ರಷ್ಟು ಹಾರಿಹೋಗಿತ್ತು. ಮೊದಲು ಹೋಗುವುದು ಹಗುರಾದವು: ಮಾವಿನಲ್ಲೂ ಇರುವ ಮಿರ್ಸಿನ್, ನಿಂಬೆ ಸಿಪ್ಪೆಯ ಲಿಮೊನಿನ್, ಪೈನ್ ಮರದ ಪೈನಿನ್. ತಡವಾಗಿ ಹೋಗುವುದು ಭಾರವಾದದ್ದು, ಕ್ಯಾರಿಯೊಫಿಲಿನ್. ಇದು ನಮ್ಮ ಕಾಳುಮೆಣಸಿನ ಘಾಟಿನಲ್ಲಿ ಇರುವುದೇ. ಆದ್ದರಿಂದ ಹೂ ಹಳತಾದ ಹಾಗೆಲ್ಲ ಹಣ್ಣಿನ ವಾಸನೆ ಸತ್ತು ಮೆಣಸಿನ ವಾಸನೆ ಉಳಿಯುತ್ತದೆ, ಕೊನೆಗೆ ಅದೂ ಸತ್ತು ಹುಲ್ಲು. ಆ ಜನವರಿಯಲ್ಲಿ ನನ್ನ ಬೆರಳಿಗೆ ಅಂಟಿದ ದರ್ಬೆಯ ವಾಸನೆಯ ಅರ್ಥ ನನಗೆ ಆಗ ಆಯಿತು. ಇನ್ನೊಂದು ಸಂಗತಿಯೂ ಇದೆ. ಈ ಹೂವಿಗೆ ಮೂಗು ಮುಚ್ಚುವಂಥ ಒಂದು ಕಟು ವಾಸನೆ ಇರುತ್ತದಲ್ಲ, ಅದು ಗಂಧಕ ಸೇರಿದ ಕೆಲವು ಅಣುಗಳಿಂದ ಬರುವಂಥದ್ದು ಎಂದು 2021ರಲ್ಲಿ ಗೊತ್ತುಮಾಡಿದರು. ತೀರಾ ಕಡಿಮೆ ಪ್ರಮಾಣದಲ್ಲಿ ಇರುವ ಅವು ಇಟ್ಟ ಕೆಲವೇ ದಿನಗಳಲ್ಲಿ ಕುಗ್ಗುತ್ತವೆ.

ಉಳಿದದ್ದು ತೇವ. ಮನೆಯಲ್ಲಿ ನನಗೆ ಅತಿ ಹೆಚ್ಚು ಪಾಠ ಕಲಿಸಿದ್ದು ಇದೇ, ಹಾಗಾಗಿ ಸ್ವಲ್ಪ ವಿವರವಾಗಿ ಹೇಳುತ್ತೇನೆ.

ಅಡಿಕೆಗೆ ಒಂದೇ ದಿಕ್ಕು: ಒಣಗಿದಷ್ಟೂ ಒಳ್ಳೆಯದು. ಈ ಹೂವಿಗೆ ಹಾಗಲ್ಲ. ಅತಿಯಾಗಿ ಒಣಗಿದರೆ ರಾಳದ ತಲೆಗಳು ಉದುರುತ್ತವೆ, ಎಣ್ಣೆ ಹಾರುತ್ತದೆ, ಗಂಟಲು ಸುಡುತ್ತದೆ. ತೇವ ಹೆಚ್ಚಾದರೆ ಬೂಸ್ಟು. ನಡುವೆ ಒಂದು ಸಣ್ಣ ಜಾಗವಿದೆ. ಮುಚ್ಚಿದ ಜಾಡಿಯೊಳಗಿನ ಗಾಳಿಯ ಆರ್ದ್ರತೆ ಶೇ 55ರಿಂದ 65ರೊಳಗೆ ಇರಬೇಕು. ಅಮೆರಿಕದ ಎಎಸ್‌ಟಿಎಂ ಎಂಬ ಸಂಸ್ಥೆಯ ಮಾನದಂಡದಲ್ಲೂ ಇದೇ ಅಂಕಿ ಇದೆ, ಅವರು 0.55ರಿಂದ 0.65 ಎಂದು ಬರೆಯುತ್ತಾರೆ. 65 ದಾಟಿದರೆ ಬೂಸ್ಟಿಗೆ ಬಾಗಿಲು ತೆರೆದ ಹಾಗೆ.

ಇದನ್ನು ಅಳೆಯಲು ರೂಪಾಯಿ ನಾಣ್ಯದಷ್ಟು ದೊಡ್ಡ ಹೈಗ್ರೋಮೀಟರ್ ಸಿಗುತ್ತದೆ, ಜಾಡಿಯೊಳಗೇ ಇಡಬಹುದು. ಅಗ್ಗದ್ದು. ಅಗ್ಗದ್ದಾದ್ದರಿಂದ ಸುಳ್ಳೂ ಹೇಳುತ್ತದೆ. ಅದನ್ನು ಪರೀಕ್ಷಿಸುವ ಒಂದು ಉಪಾಯ ನನಗೆ ಬಹಳ ಇಷ್ಟವಾಯಿತು, ಯಾಕೆಂದರೆ ಅದಕ್ಕೆ ಬೇಕಾದದ್ದು ಅಡುಗೆ ಉಪ್ಪು ಮಾತ್ರ. ನೀರಿನ ಬಾಟಲಿಯ ಮುಚ್ಚಳದಲ್ಲಿ ಉಪ್ಪು ತುಂಬಿ, ಹನಿ ಹನಿ ನೀರು ಬಿಟ್ಟು, ಇಡ್ಲಿ ಹಿಟ್ಟಿಗಿಂತ ಗಟ್ಟಿಯಾಗಿ, ಒದ್ದೆ ಮರಳಿನ ಹದಕ್ಕೆ ತಂದೆ. ನೀರು ಮೇಲೆ ನಿಲ್ಲಬಾರದು, ಉಪ್ಪು ಕರಗಿ ಹೋಗಲೂಬಾರದು. ಆ ಮುಚ್ಚಳವನ್ನೂ ಹೈಗ್ರೋಮೀಟರನ್ನೂ ಒಂದಕ್ಕೊಂದು ತಾಗದಂತೆ ಜಿಪ್ ಚೀಲದಲ್ಲಿ ಹಾಕಿ ಮುಚ್ಚಿ, ಒಂದು ದಿನ ಬಿಟ್ಟೆ. ಒದ್ದೆ ಉಪ್ಪಿನ ಮೇಲಿನ ಗಾಳಿಯ ಆರ್ದ್ರತೆ ಶೇ 75ಕ್ಕೆ ಬಂದು ನಿಲ್ಲುತ್ತದೆ. ಅದು ಉಪ್ಪಿನ ಗುಣ, ಶಿರಸಿಯಲ್ಲೂ ಅಷ್ಟೇ, ಕಿಚನರ್‌ನಲ್ಲೂ ಅಷ್ಟೇ. ನನ್ನ ಯಂತ್ರ 70 ತೋರಿಸುತ್ತಿತ್ತು. ಅಂದರೆ ಅದು 62 ಎಂದಾಗ ಒಳಗೆ ಇದ್ದದ್ದು 67. ನಾನು ಸರಿಯಿದೆ ಎಂದು ನೆಮ್ಮದಿಯಾಗಿ ಮಲಗುವಷ್ಟರಲ್ಲಿ ಬೂಸ್ಟು ಕೆಲಸ ಶುರುಮಾಡಿರುತ್ತಿತ್ತು. ಈಗ ಆ ಯಂತ್ರದ ಬೆನ್ನಿಗೆ "+5" ಎಂದು ಬರೆದ ಚೀಟಿ ಅಂಟಿಸಿದ್ದೇನೆ.

ತೇವವನ್ನು ಒಂದೇ ಮಟ್ಟದಲ್ಲಿ ನಿಲ್ಲಿಸಲು ಚಿಕ್ಕ ಕಾಗದದ ಪೊಟ್ಟಣಗಳು ಸಿಗುತ್ತವೆ, ಮೇಲೆ 58 ಎಂದೋ 62 ಎಂದೋ ಅಚ್ಚಾಗಿರುತ್ತದೆ. ಕೆಲವದರ ಒಳಗೆ ಉಪ್ಪಿನ ದ್ರಾವಣವೇ ಇರುವುದು. ಗಾಳಿ ಒಣಗಿದರೆ ತೇವ ಬಿಡುತ್ತದೆ, ಹೆಚ್ಚಾದರೆ ಹೀರಿಕೊಳ್ಳುತ್ತದೆ. ನಾನು 58ರದ್ದನ್ನೇ ಹಾಕುತ್ತೇನೆ. ಇವರ ಮೈಗೆ ಬೂಸ್ಟಿನ ಅಪಾಯ ಹೆಚ್ಚು, ಒಣಗಿದ ಕಡೆಗೇ ಎರಡು ಹೆಜ್ಜೆ ವಾಲಿರಲಿ ಎಂದು. ಪೊಟ್ಟಣ ಹಪ್ಪಳದ ಹಾಗೆ ಗಟ್ಟಿಯಾದರೆ ಅದರ ಆಯುಸ್ಸು ಮುಗಿಯಿತು. ಕಿತ್ತಳೆ ಸಿಪ್ಪೆ, ಒದ್ದೆ ಹತ್ತಿ, ಲೆಟ್ಯೂಸ್ ಎಲೆ ಇವನ್ನೆಲ್ಲ ಯಾರು ಹೇಳಿದರೂ ದಯವಿಟ್ಟು ಹಾಕಬೇಡಿ. ಅವು ತೇವದ ಜೊತೆ ಬೂಸ್ಟಿನ ಬೀಜವನ್ನೂ ಕರೆತರುತ್ತವೆ.

ಕೈಗೂ ಗೊತ್ತಾಗುತ್ತದೆ, ಅಭ್ಯಾಸವಾದ ಮೇಲೆ. ಮೊಗ್ಗನ್ನು ಎರಡು ಬೆರಳಿನಲ್ಲಿ ಮೆಲ್ಲಗೆ ಒತ್ತಿದರೆ ಅದು ತಗ್ಗಿ ಮತ್ತೆ ನಿಧಾನಕ್ಕೆ ಎದ್ದು ಬರಬೇಕು. ತಗ್ಗಿ ಹಾಗೇ ಉಳಿದರೆ ತೇವ ಹೆಚ್ಚು. ಒಳಗಿನ ಸಣ್ಣ ದಂಟನ್ನು ಬಗ್ಗಿಸಿದರೆ ಟಪ್ಪೆಂದು ಮುರಿಯಬೇಕು, ನಾರಿನ ಹಾಗೆ ಬಾಗಬಾರದು. ಆ ಟಪ್ ಸದ್ದನ್ನು ಮೊದಲ ಸಲ ಕಿವಿಯ ಹತ್ತಿರ ಹಿಡಿದು ಕೇಳಿದಾಗ ನನಗೆ ಅಪ್ಪಯ್ಯ ಅಂಗಳದಲ್ಲಿ ಅಡಿಕೆ ಅಲ್ಲಾಡಿಸುತ್ತಾ ನಿಂತದ್ದು ಕಣ್ಣಿಗೆ ಕಟ್ಟಿತು.

ಜಾಡಿಯ ವಿಷಯ ಹೇಳಿಕೊಟ್ಟದ್ದು ಆಯಿ. ಮೊದಲು ನಾನು ಒಂದು ತಿಂಗಳ ಹೂವನ್ನೆಲ್ಲ ಒಂದೇ ದೊಡ್ಡ ಗಾಜಿನ ಜಾಡಿಯಲ್ಲಿ ಇಟ್ಟು, ದಿನಾ ರಾತ್ರಿ ಅದನ್ನೇ ತೆರೆಯುತ್ತಿದ್ದೆ. ಪ್ರತಿ ಸಲ ತೆರೆದಾಗಲೂ ಹೊಸ ಗಾಳಿ ಒಳಗೆ, ಪರಿಮಳ ಹೊರಗೆ. ಹೂ ಕಡಿಮೆಯಾದಷ್ಟೂ ಜಾಡಿಯಲ್ಲಿ ಗಾಳಿಯ ಪಾಲು ದೊಡ್ಡದು. ಫೋನಿನಲ್ಲಿ ಇದನ್ನು ಕೇಳಿದ ಆಯಿ, "ದೊಡ್ಡ ಭರಣಿ ದಿನಾ ತೆಗೀತ್ವನೇ?" ಎಂದಳು. ಹೌದಲ್ಲ! ಅಪ್ಪೆಮಿಡಿ ಮಾವಿನ ಉಪ್ಪಿನಕಾಯಿಯ ದೊಡ್ಡ ಭರಣಿಗೆ ಬಟ್ಟೆ ಕಟ್ಟಿ ಕತ್ತಲ ಕೋಣೆಯಲ್ಲಿ ಇಟ್ಟರೆ ಅದರ ಬಾಯಿ ಬಿಚ್ಚುವುದು ತಿಂಗಳಿಗೊಮ್ಮೆಯೋ ಎರಡು ತಿಂಗಳಿಗೊಮ್ಮೆಯೋ. ಬಡಿಸುವುದು ಚಿಕ್ಕ ಜಾಡಿಯಿಂದ. ಆ ವಾರವೇ ನಾನು ನಾಲ್ಕು ಚಿಕ್ಕ ಗಾಜಿನ ಜಾಡಿ ತಂದೆ, ವಾರಕ್ಕೊಂದರಂತೆ. ಪ್ರತಿಯೊಂದನ್ನೂ ಮುಕ್ಕಾಲು ಭಾಗ ತುಂಬಿಸುತ್ತೇನೆ, ಅದುಮುವುದಿಲ್ಲ. ಮೂರು ಮುಚ್ಚಿಯೇ ಇರುತ್ತವೆ, ಒಂದು ಮಾತ್ರ ತೆರೆಯುತ್ತದೆ. ಮುಚ್ಚಳದ ಮೇಲೆ ಕಂಪನಿಯವರು ಪ್ಯಾಕ್ ಮಾಡಿದ ದಿನಾಂಕ, ನಾನು ತೆರೆದ ದಿನಾಂಕ. ಹೂ ತೆಗೆಯುವುದು ಒಣಗಿದ ಚಿಮಟದಿಂದ, ಬೆರಳಿನಿಂದಲ್ಲ. ಪುಡಿ ಮಾಡುವುದು ಆ ರಾತ್ರಿಗೆ ಬೇಕಾದಷ್ಟನ್ನೇ. ಮೆಣಸನ್ನು ಕುಟ್ಟಿಟ್ಟರೆ ಘಮ ಹೋಗುತ್ತದೆಂದು ಗೊತ್ತಿರುವವರಿಗೆ ಇದಕ್ಕೆ ಕಾರಣ ಹೇಳಬೇಕಿಲ್ಲ.

ಪ್ಲಾಸ್ಟಿಕ್ ಚೀಲದಲ್ಲಿ ಇಡುವುದಿಲ್ಲ. ಒಳಮೈಗೆ ರಾಳದ ಹುಡಿ ಅಂಟಿಕೊಳ್ಳುತ್ತದೆ, ತೆಳು ಪ್ಲಾಸ್ಟಿಕ್ಕಿನ ಮೂಲಕ ಪರಿಮಳವೂ ಸೋರುತ್ತದೆ. ಫ್ರಿಜ್ಜನ್ನೂ ಒಂದು ತಿಂಗಳು ಪ್ರಯತ್ನಿಸಿ ಬಿಟ್ಟೆ. ತಣ್ಣಗಿನ ಜಾಡಿ ಹೊರತೆಗೆದು ಕೂಡಲೇ ತೆರೆದರೆ ಒಳಗೆ ಬೆವರು ಕಟ್ಟುತ್ತದೆ. ಫ್ರೀಜರಿನಲ್ಲಿ ರಾಳದ ತಲೆಗಳು ಪೆಡಸಾಗಿ, ಜಾಡಿ ಅಲುಗಿದರೆ ಮುರಿದು ತಳಕ್ಕೆ ಬೀಳುತ್ತವೆ. ನಮ್ಮ ಹೂ ಈಗ ಇರುವುದು ಮಲಗುವ ಕೋಣೆಯ ಬಟ್ಟೆ ಕಪಾಟಿನಲ್ಲಿ, ಹೊರಗೋಡೆಗೂ ಹೀಟರಿನ ಕಿಂಡಿಗೂ ದೂರವಾಗಿ. ಅಲ್ಲಿ ಚಳಿಗಾಲ ಬೇಸಿಗೆ ಎರಡರಲ್ಲೂ ಉಷ್ಣತೆ 18ರಿಂದ 21 ಡಿಗ್ರಿ. ಒಂದು ವರ್ಷ ಬರೆದಿಟ್ಟು ನೋಡಿದ್ದೇನೆ.

ಜಾಡಿಗಳು ಕೂತಿರುವುದು ಬೀಗ ಹಾಕಿದ ಉಕ್ಕಿನ ಪೆಟ್ಟಿಗೆಯಲ್ಲಿ. ಮಗನಿಗೆ ಆಗ ಹನ್ನೊಂದು ವರ್ಷ. ಬಚ್ಚಿಟ್ಟ ಕಾಲದಲ್ಲಿ ಬೀಗ ಇರಲಿಲ್ಲ ಎಂಬುದನ್ನು ನೆನೆದರೆ ಈಗಲೂ ಮೈ ಜುಮ್ಮೆನ್ನುತ್ತದೆ. ಬೇಳೆ ಡಬ್ಬಿಯ ಹಿಂದೆ ಇದ್ದದ್ದು ಅವನು ಬಿಸ್ಕತ್ತು ಹುಡುಕುತ್ತಾ ಸ್ಟೂಲು ಹತ್ತಿದರೆ ಕೈಗೆ ಸಿಗುವ ಜಾಗದಲ್ಲೇ. ಅವನನ್ನು ಕೂರಿಸಿಕೊಂಡು, ಪೆಟ್ಟಿಗೆ ತೋರಿಸಿ, ಹೆಸರು ಹೇಳಿ, ಇದು ಅಪ್ಪನ ಕಾಲಿಗೆ, ಬೆಳೆಯುವ ಮಕ್ಕಳ ಮಿದುಳಿಗೆ ಇದರಿಂದ ಹಾನಿ, ಬೀಗದ ಕೈ ನನ್ನ ಹತ್ತಿರ ಮಾತ್ರ ಎಂದೆ. ಅವನು ಕೇಳಿದ್ದು, "ಇದು ತಗೊಂಡ ಮೇಲೆ ಅಪ್ಪ ಕಾರು ಓಡಿಸ್ತಾರಾ?" ಓಡಿಸುವುದಿಲ್ಲ ಎಂದೆ. "ಸರಿ" ಎಂದು ಎದ್ದುಹೋದ. ಒಂದು ವರ್ಷ ನಾನು ಹೆದರಿದ್ದ ಮಾತುಕತೆ ಐದು ನಿಮಿಷದಲ್ಲಿ ಮುಗಿಯಿತು.

ಈಗ ಊಟಕ್ಕೆ ಬಂದವರಿಗೆ ನಾನಾಗಿ ಹೇಳುವುದಿಲ್ಲ, ಕೇಳಿದರೆ ಮುಚ್ಚುವುದೂ ಇಲ್ಲ. ಕಳೆದ ವರ್ಷ ಒಬ್ಬರು ಅಡುಗೆಮನೆಗೆ ಬಂದು ದನಿ ತಗ್ಗಿಸಿ, ತಮ್ಮ ಅತ್ತೆಗೂ ಸಂಧಿನೋವಿಗೆ ಡಾಕ್ಟರು ಇದನ್ನೇ ಬರೆದಿದ್ದಾರೆ, ತಾವು ಗ್ಯಾರೇಜಿನಲ್ಲಿ ಇಟ್ಟಿದ್ದೇವೆ ಎಂದರು. ಗ್ಯಾರೇಜು ಜುಲೈಯಲ್ಲಿ ಕುಲುಮೆ, ಜನವರಿಯಲ್ಲಿ ಮಂಜಿನ ಪೆಟ್ಟಿಗೆ. ಕೈ ಒರೆಸಿಕೊಂಡು ಅವರನ್ನು ಬಟ್ಟೆ ಕಪಾಟಿನ ಹತ್ತಿರ ಕರೆದುಕೊಂಡು ಹೋದೆ. ಜಾಡಿ, ಪೊಟ್ಟಣ, "+5" ಚೀಟಿ ಎಲ್ಲ ತೋರಿಸಿದೆ. ಉಪ್ಪಿನ ಪರೀಕ್ಷೆಯನ್ನು ಅವರ ಎದುರಿಗೇ ಕಟ್ಟಿಕೊಟ್ಟೆ. ಜಿಪ್ ಚೀಲವನ್ನು ಅವರು ಎರಡು ಕೈಯಲ್ಲಿ ಹಿಡಿದು, ಉಪ್ಪು ಚೆಲ್ಲದ ಹಾಗೆ ಕಾರಿನವರೆಗೂ ನಡೆದು ಹೋದರು.

ಅಪ್ಪಯ್ಯ ಒಂದು ದಿನ ತಾವಾಗಿ ಕೇಳಿದರು. ಈ ನವೆಂಬರಿನಲ್ಲಿ, ಹೊಸ ಜಾಡಿಯ ಮುಚ್ಚಳ ತೆಗೆಯುತ್ತಿದ್ದೆ, ಫೋನು ಸ್ಪೀಕರಿನಲ್ಲಿತ್ತು. ಹೊರಗೆ ಮೊದಲ ಹಿಮ ಬೀಳುತ್ತಿತ್ತು.

"ಪರಿಮಳ ಹ್ಯಾಂಗಿದ್ದು ಅದರದ್ದು?"

ಜಾಡಿಯನ್ನು ಮೂಗಿನ ಹತ್ತಿರ ತಂದೆ. ಮೊದಲು ಮೆಣಸು. ಅದರ ಹಿಂದೆ ಏನೋ ಹಸಿರು, ಚುರುಕಾದದ್ದು, ಬಹಳ ಪರಿಚಯದ್ದು, ಹೆಸರು ಮಾತ್ರ ನಾಲಿಗೆಗೆ ಬರಲಿಲ್ಲ. ಎರಡನೆಯ ಸಲ ಎಳೆದುಕೊಂಡಾಗ ಗೊತ್ತಾಯಿತು. ಏಪ್ರಿಲಿನಲ್ಲಿ ಹೊಳೆಯಂಚಿನ ಮರದಿಂದ ಇಳಿಸಿದ ಅಪ್ಪೆಮಿಡಿಯ ತೊಟ್ಟು ಮುರಿದಾಗ ಚಿಮ್ಮುತ್ತದಲ್ಲ, ಆ ಸೊನೆ.

"ಸೊನೆ ವಾಸನೆ ಅಪ್ಪಯ್ಯ. ಅಪ್ಪೆಮಿಡಿದು."

ಅವರು ಸ್ವಲ್ಪ ಹೊತ್ತು ಸುಮ್ಮನಿದ್ದರು. ಹಿಂದೆ ಆಯಿ ಪಾತ್ರೆ ಜೋಡಿಸುವ ಸದ್ದು ಕೇಳುತ್ತಿತ್ತು.

"ಹಾಂಗಾರೆ ಮುಚ್ಚು" ಎಂದರು. "ತೆರೆದಿಟ್ಕಂಡು ಮಾತಾಡಡ."

ಮುಚ್ಚಳವನ್ನು ಒತ್ತಿ ತಿರುಗಿಸಿ, ಇವರನ್ನು ಕರೆದೆ.